ತಿನ್ನುವ ಸೋಡಾ ಮತ್ತು ಚಿಗವ್ವನ ಕೈಗುಣ

ನಮ್ಮ ಮನೆತನದಲ್ಲಿ ಒಂದು ಕಥೆ ಇವತ್ತಿಗೂ ಓಡಾಡಿಕೊಂಡಿದೆ. ಬೆಳಗಾವಿಯ ಮಹಾಂತೇಶ ನಗರದ ಈ ಮನೆಯಲ್ಲಿ ಬಂಧು ಬಳಗವೆಲ್ಲ ಸೇರಿ ಯಾವುದಾದರೂ ಕೂಸಿಗೆ ಲಿಂಗ ಕಟ್ಟುವ ಹೊತ್ತಿಗೆ ಅದು ತಪ್ಪದೆ ಎದ್ದು ಬರುತ್ತದೆ. ಹೇಳುವವನು ನನ್ನ ಚಿಕ್ಕಪ್ಪನ ಮಗ. ಅವನ ತಲೆಯೂ ಈಗ ನರೆತಿದೆ. ತನ್ನ ತಾಯಿ ಶಿವಗಂಗವ್ವನ ಕೈಯಲ್ಲಿ ಒಂದು ಗುಣವಿತ್ತೆಂದೂ, ಎಂಥ ಕಪ್ಪು ಹಿಡಿದ ಬೆಳ್ಳಿಯಾದರೂ ಆಕೆ ಮುಟ್ಟಿದರೆ ಬೆಳದಿಂಗಳಿನಂತೆ ಆಗುತ್ತಿತ್ತೆಂದೂ ಅವನು ಹೇಳುತ್ತಾನೆ. ಕೇಳಿದವರು ಗೋಡೆಯ ಮೇಲಿನ ಆಕೆಯ ಪಟಕ್ಕೆ ಕೈಮುಗಿಯುತ್ತಾರೆ. ನಾನು ಮೂಲೆಯ ಕುರ್ಚಿಯಲ್ಲಿ ಕುಳಿತು ತುಟಿ ಬಿಗಿಹಿಡಿಯುತ್ತೇನೆ. ಹಿರಿಯರು ಹೇಳಿದರು ಎಂಬ ಒಂದೇ ಕಾರಣಕ್ಕೆ ಯಾವ ಮಾತನ್ನೂ ನಾನು ನಂಬಿದವಳಲ್ಲ. ಈಗ ನಾನೇ ಹಿರಿಯಳಾಗಿರುವಾಗ ನನ್ನ ಮಾತನ್ನೂ ಯಾರೂ ಹಾಗೆ ನಂಬಬೇಕಾಗಿಲ್ಲ. ಆದರೆ ಆ ಕಥೆ ಹುಟ್ಟಿದ ಅಡುಗೆಮನೆಯಲ್ಲಿ ನಾನಿದ್ದೆ. ಅದು ಹುಟ್ಟುವ ಮೊದಲು ಅದೇ ಮನೆಯಲ್ಲಿ, ಅದೇ ಕೈಯ ಬಗ್ಗೆ, ಇದಕ್ಕೆ ತೀರ ವಿರುದ್ಧವಾದ ಇನ್ನೊಂದು ಕಥೆ ಇತ್ತು. ಅದನ್ನು ನೆನೆಯುವವರು ಈಗ ನಾನೊಬ್ಬಳೇ.

ಖಾನಾಪುರದ ನಮ್ಮ ಮನೆ ಉದ್ದನೆಯದು. ಬೀದಿಯ ಬಾಗಿಲಿನಲ್ಲಿ ನಿಂತು ಕೂಗಿದರೆ ಹಿತ್ತಲಿನ ಬಚ್ಚಲಿಗೆ ಕೇಳುತ್ತಿತ್ತು, ಆದರೆ ನಡುವೆ ಪಡಸಾಲೆ, ದೇವರ ಕೋಣೆ, ಟ್ರಂಕುಗಳ ಕತ್ತಲೆ ಕೋಣೆ, ಅಡುಗೆಮನೆ ಇಷ್ಟನ್ನೂ ದಾಟಬೇಕು. ಆ ಮನೆಯನ್ನು ಆಳುತ್ತಿದ್ದವಳು ನನ್ನ ತಂದೆಯ ತಾಯಿ. ಅವಳನ್ನು ನಾವು ಆಯಿ ಎನ್ನುತ್ತಿದ್ದೆವು. ಅವಳ ರಾಜ್ಯದಲ್ಲಿ ಎರಡು ಡಬ್ಬಿಗಳಿಗೆ ವಿಶೇಷ ಸ್ಥಾನವಿತ್ತು. ಬಚ್ಚಲಿನ ದೊಡ್ಡ ಡಬ್ಬಿಯಲ್ಲಿ ಒಗೆಯುವ ಸೋಡಾ. ಅಡುಗೆಮನೆಯ ಮೇಲಿನ ಗೂಡಿನ ಸಣ್ಣ ಡಬ್ಬಿಯಲ್ಲಿ ತಿನ್ನುವ ಸೋಡಾ. ಮೊದಲನೆಯದನ್ನು ಮುಟ್ಟಿದರೆ ಕೈ ಉರಿಯುತ್ತಿತ್ತು, ಎರಡನೆಯದನ್ನು ಕೇಳದೆ ಮುಟ್ಟಿದರೆ ಬೆನ್ನು ಉರಿಯುತ್ತಿತ್ತು. ಆ ಸಣ್ಣ ಡಬ್ಬಿಯಿಂದ ಆಗದ ಕೆಲಸವಿಲ್ಲ ಎಂಬುದು ಆಯಿಯ ನಂಬಿಕೆ. ಕಡಲೆ ನೆನೆಹಾಕುವಾಗ ಒಂದು ಚಿಟಿಕೆ, ಮೆಣಸಿನಕಾಯಿ ಭಜಿಯ ಹಿಟ್ಟಿಗೆ ಒಂದು ಚಿಟಿಕೆ. ಹೊಟ್ಟೆ ಉಬ್ಬರಿಸಿದರೆ ಲಿಂಬೆರಸದೊಂದಿಗೆ ನೀರಿನಲ್ಲಿ, ಕಣಜ ಕಡಿದರೆ ಕಲಸಿ ಮೇಲೆ. ಚಹದ ಕಲೆ ಕೂತ ಕಪ್ಪುಬಸಿಗಳಿಗೆ, ಹಾಲಿನ ಪಾತ್ರೆಯ ನಾತಕ್ಕೆ, ಎಣ್ಣೆ ಜಿಡ್ಡಿನ ಹಣಿಗೆಗಳಿಗೆ, ಹಂಚಿನ ಕಾರ್ಖಾನೆಯಿಂದ ಬೆವತು ಬರುವ ಚಿಕ್ಕಪ್ಪನ ಕಂಕುಳಿಗೆ. ನಮ್ಮ ಅಜ್ಜ ಬದುಕಿರುವ ತನಕ ಉಪ್ಪು ಬೆರೆಸಿದ ಅದೇ ಪುಡಿಯಿಂದ ಹಲ್ಲು ತಿಕ್ಕುತ್ತಿದ್ದನಂತೆ. ಅವನ ಹಲ್ಲುಗಳು ಉದುರಿದ್ದು ಅದರಿಂದಲೋ ತಂಬಾಕಿನಿಂದಲೋ ಎಂದು ನಾನೊಮ್ಮೆ ಕೇಳಿದ್ದಕ್ಕೆ ಆ ದಿನ ನನಗೆ ಭಜಿ ಸಿಗಲಿಲ್ಲ.

ಏಳನೆಯ ಇಯತ್ತೆಗೆ ನನ್ನ ಸಾಲೆ ಮುಗಿಸಿದ್ದರು. ಮನೆಯಲ್ಲಿ ಉಳಿದ ಹುಡುಗಿಗೆ ಆಯಿಯ ಡಬ್ಬಿಯೇ ಪಾಠವಾಯಿತು. ನಾನು ಹೇಳಿದ ಕೆಲಸವನ್ನು ಹೇಳಿದಂತೆ ಮಾಡುತ್ತಿರಲಿಲ್ಲ. ಅರ್ಧಕ್ಕೆ ಮಾತ್ರ ಮಾಡಿ ಉಳಿದರ್ಧವನ್ನು ಹಾಗೆಯೇ ಬಿಟ್ಟು ನೋಡುತ್ತಿದ್ದೆ. ಕಡಲೆಯನ್ನು ಎರಡು ಬೋಗುಣಿಗೆ ಹಂಚಿ ಒಂದಕ್ಕೆ ಸೋಡಾ, ಇನ್ನೊಂದಕ್ಕೆ ಬರೀ ನೀರು. ಹಿಮ್ಮಡಿ ಒಡೆದಾಗ ಸೋಡಾ ನೀರಿನಲ್ಲಿ ಬಲಗಾಲು, ಬರೀ ಬಿಸಿನೀರಿನಲ್ಲಿ ಎಡಗಾಲು. ಹೀಗಾಗಿ ಕಡಲೆ ಬೇಗ ಬೇಯುವುದು ನಿಜವೆಂದೂ, ಹಿಮ್ಮಡಿಗೆ ಮಾತ್ರ ಬರೀ ಬಿಸಿನೀರೂ ಸೋಡಾ ನೀರೂ ಒಂದೇ ಎಂದೂ ನನಗೆ ಗೊತ್ತಾಯಿತು. ಇಂದು ಮಕ್ಕಳ ಮೊಬೈಲಿಗೆ ಅಡುಗೆ ಸೋಡಾ ಸರ್ವರೋಗಕ್ಕೂ ಮದ್ದು ಎಂಬ ಸಂದೇಶಗಳು ಬರುವುದನ್ನು ಕಂಡಾಗ, ಇವರ ಎಡಗಾಲು ಎಲ್ಲಿದೆ ಎಂದು ಕೇಳಬೇಕೆನಿಸುತ್ತದೆ. ಆಯಿ ನನಗೆ ‘ಅರ್ಧಮರ್ಧ ನೀಲಿ’ ಎಂದು ಹೆಸರಿಟ್ಟಿದ್ದಳು.

ಅಂಥ ಮನೆಗೆ ಶಿವಗಂಗವ್ವ ಸಣ್ಣ ಸೊಸೆಯಾಗಿ ಬಂದಳು. ಅವಳ ತವರು ಗುಂಜಿ. ರೈಲಿನಲ್ಲಿ ಕುಳಿತರೆ ಊಟ ಅರಗುವ ಮೊದಲೇ ಇಳಿಯುವಷ್ಟು ದೂರ. ಆದರೆ ಆಯಿಯ ದೃಷ್ಟಿಯಲ್ಲಿ ಅಡವಿಯ ಅಂಚಿನ ಊರು ಬೇರೆಯೇ ಲೋಕ. ನನಗಿಂತ ಕೆಲವೇ ವರ್ಷ ದೊಡ್ಡವಳಾದ ಅವಳನ್ನು ನಾನು ಚಿಗವ್ವ ಎನ್ನುತ್ತಿದ್ದೆ. ನನ್ನ ತಾಯಿ ಮಾತು ಕಡಿಮೆಯವಳು. ಚಿಗವ್ವ ಹಾಡಿಕೊಳ್ಳದೆ ರೊಟ್ಟಿ ಬಡಿಯಲಾರದವಳು. ಮದುವೆಯಲ್ಲಿ ಅವಳ ತವರಿನವರು ಕುರುಬರ ಕೈಯಿಂದ ಹೇಳಿ ಮಾಡಿಸಿದ ಒಂದು ಕರಿಯ ಕಂಬಳಿಯನ್ನು ಕೊಟ್ಟಿದ್ದರು. ಆಯಿ ಅದನ್ನು ಮೂಸಿ, ಎಳೆದು, ಬೆಳಕಿಗೆ ಹಿಡಿದು, ಮೊದಲ ಬಾರಿಗೆ ಗುಂಜಿಯನ್ನು ಹೊಗಳಿದಳು. ಕಂಬಳಿಗೆ ಮೈಲಿಗೆ ಇಲ್ಲ, ಅದು ಸದಾ ಮಡಿ ಎಂಬುದು ನಮ್ಮ ಕಡೆಯ ಮಾತು. ಹೀಗಾಗಿ ಆಯಿ ಅದರ ಒಂದು ಅಂಚನ್ನು ಕತ್ತರಿಸಿ ಮನೆಯ ಅತ್ಯಂತ ದೊಡ್ಡ ಗೌರವಕ್ಕೆ ಎತ್ತಿಟ್ಟಳು.

ಆ ಗೌರವ ಒಂದು ಕರಡಿಗೆಗೆ ಸಂಬಂಧಿಸಿದ್ದು. ಕರಡಿಗೆಯೆಂದರೆ ಇಷ್ಟಲಿಂಗವನ್ನು ಒಳಗಿಟ್ಟು ಕೊರಳಿಗೆ ಕಟ್ಟಿಕೊಳ್ಳುವ ಬೆಳ್ಳಿಯ ಪುಟ್ಟ ಸಂಪುಟ. ನಮ್ಮ ಮನೆಯಲ್ಲಿ ಹುಟ್ಟುವ ಪ್ರತಿ ಕೂಸಿಗೂ ಮೊದಲು ಕಟ್ಟುತ್ತಿದ್ದ ಒಂದು ಹಳೆಯ ಕರಡಿಗೆಯಿತ್ತು. ಕೂಸು ಬೆಳೆದು ತನ್ನದನ್ನು ಪಡೆದಾಗ ಅದು ಮರಳಿ ಟ್ರಂಕಿಗೆ ಹೋಗುತ್ತಿತ್ತು. ಬಸುರಿಗೆ ಕುಬಸ ಮಾಡುವ ದಿನ, ಎಂದರೆ ಹೊಸ ಸೀರೆ ಕುಪ್ಪಸ ಕೊಟ್ಟು ಆರತಿ ಎತ್ತುವ ದಿನವೇ, ಜಂಗಮರಾದ ಅಯ್ಯನವರು ಬಂದು ಹೊಟ್ಟೆಯಲ್ಲಿರುವ ಕೂಸಿನ ಹೆಸರಿನಲ್ಲಿ ತಾಯಿಯ ತೋಳಿಗೆ ಲಿಂಗ ಕಟ್ಟುವರು. ಆ ಕರಡಿಗೆಯನ್ನು ಬೆಳಗಿ ಅಯ್ಯನವರ ಕೈಗೆ ಕೊಡಬೇಕಾದವಳು ತಾಯಿಯೇ. ಹಾಗೆ ಕೊಟ್ಟ ಮೇಲೆಯೇ ಅವಳು ಈ ಮನೆಯವಳು. ಚಿಗವ್ವ ಬಸುರಿಯೆಂದು ತಿಳಿದಾಗ, ಬಸವ ಜಯಂತಿಯ ಸುಮಾರಿಗೆ, ಆಯಿ ಕರಡಿಗೆಯನ್ನು ತೆಗೆದು ಕೊಟ್ಟಳು. ಚಿಗವ್ವ ವಿಭೂತಿಯಿಂದ ತಿಕ್ಕಿ ತಿಕ್ಕಿ ಕನ್ನಡಿಯಂತೆ ಮಾಡಿದಳು. ಅಲ್ಲಿಯತನಕ ಅದು ಅಜ್ಜನ ಹಳೆಯ ಧೋತರದ ತುಂಡಿನಲ್ಲಿ ಇರುತ್ತಿತ್ತು. ಈ ಸಲ ಆಯಿ ಹೊಸ ಕಂಬಳಿಯ ಅಂಚಿನಲ್ಲಿ ಅದನ್ನು ಸುತ್ತಿ, ಟ್ರಂಕಿನಲ್ಲಿಟ್ಟು, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಪಂಚಮಿಗೆ ಹಿಂಡಲಗಾದಿಂದ ಸ್ವಾದರತ್ತೆ ಬಂದಳು. ಆಯಿಯ ಹಿರಿಯ ಮಗಳು, ನನ್ನ ತಂದೆಯ ಅಕ್ಕ. ಅವಳಿಗೆ ಸೀರೆ ತೆಗೆಯಲೆಂದು ಟ್ರಂಕು ತೆರೆದಾಗ ಆಯಿ ಕಂಬಳಿಯ ಗಂಟನ್ನೂ ಬಿಚ್ಚಿದಳು. ಕರಡಿಗೆ ಕಾಡಿಗೆಯ ಡಬ್ಬಿಯಂತೆ ಕಪ್ಪಾಗಿತ್ತು. ಮೊದಲು ಬಾಯಿ ತೆರೆದವಳು ಸ್ವಾದರತ್ತೆ.

“ಇಷ್ಟ ವರ್ಷ ಬೆಳ್ಳಗಿತ್ತಲ್ಲಬೇ ಯವ್ವಾ. ಈ ಸಲ ತಿಕ್ಕಿದ ಕೈ ಯಾರದು?”

“ನಂದ್ರೀ,” ಎಂದಳು ಚಿಗವ್ವ. “ಬೆಳ್ಳಗ ಮಾಡೇ ಕೊಟ್ಟಿದ್ನೆಲ್ರೀ ಅತ್ತಿ, ನೀವ ನೋಡೀರಿ.”

“ನೋಡೇನಿ. ಅದಕ್ಕ ಅಂಜಿಕಿ ಬರಾಕತ್ತೇತಿ,” ಎಂದಳು ಆಯಿ. “ಮೈಯಾಗ ದೋಷ ಇದ್ದವ್ರ ಕೈ ಹತ್ತಿದ್ರ ಬೆಳ್ಳಿ ಮ್ಯಾಲ ಬೆಳ್ಳಗ ಕಾಣತೈತಿ, ಆಮ್ಯಾಲ ಕರ್ರಗಾಗತೈತಿ. ನಮ್ಮತ್ತಿ ಹೇಳ್ತಿದ್ಲು.”

ನನ್ನ ತಾಯಿ ಮತ್ತೆ ವಿಭೂತಿ ಹಚ್ಚಿ ತಿಕ್ಕುತ್ತೇನೆಂದಳು. ಆಯಿ ಬಿಡಲಿಲ್ಲ. ಅಯ್ಯನವರು ಬಂದು ಕಣ್ಣಿಂದ ನೋಡಲಿ, ಅಲ್ಲಿಯತನಕ ಯಾರೂ ಮುಟ್ಟಕೂಡದು ಎಂದು ದೇವರ ಕೋಣೆಯ ಗೂಡಿನಲ್ಲಿ ಅದನ್ನು ಕಪ್ಪಾಗಿಯೇ ಇಟ್ಟಳು. ಅಂದಿನಿಂದ ಚಿಗವ್ವ ದೇವರ ಕೋಣೆಯ ಹೊಸ್ತಿಲು ದಾಟುವಂತಿಲ್ಲ. ಕುಬಸದ ದಿನ ಕರಡಿಗೆಯನ್ನು ನನ್ನ ತಾಯಿ ಕೊಡುವುದು, ಆಮೇಲೆ ಸೊಸೆಯನ್ನು ಗುಂಜಿಗೆ ಕಳಿಸುವುದು, ಬಾಣಂತನ ಮುಗಿದ ಮೇಲೆ ‘ನೋಡೂಣು’ ಎಂದು ಅಡುಗೆಮನೆಯಲ್ಲಿ ತೀರ್ಮಾನವಾಯಿತು. ನಮ್ಮ ಮನೆಯಲ್ಲಿ ಆ ‘ನೋಡೂಣು’ ಎಂಬ ಪದಕ್ಕೆ ಏನರ್ಥವೆಂದು ಎಲ್ಲರಿಗೂ ಗೊತ್ತಿತ್ತು. ಹಾಗೆ ‘ನೋಡೂಣು’ ಎಂದು ತವರಿಗೆ ಕಳಿಸಿದ್ದ ಮನೆತನದ ಒಬ್ಬ ಸೊಸೆಯನ್ನು ಯಾರೂ ಮರಳಿ ಕರೆತಂದಿರಲಿಲ್ಲ. ಚಿಕ್ಕಪ್ಪ ತಾಯಿಯ ಎದುರು ಮಾತಾಡುವವನಲ್ಲ; ಅವನು ಉಣ್ಣುವುದನ್ನು ಕಡಿಮೆ ಮಾಡಿದ, ಅಷ್ಟೆ. ಚಿಗವ್ವ ರೊಟ್ಟಿ ಬಡಿಯುವಾಗ ಹಾಡುವುದನ್ನು ಬಿಟ್ಟಳು. ಬಡಿತವೊಂದೇ ಕೇಳುತ್ತಿತ್ತು.

ಅದೇ ದಿನಗಳಲ್ಲಿ ಅವಳ ಕಾಲು ಊದತೊಡಗಿತು. ಆಯಿ ಮುನಿದರೂ ಬಸುರಿಯ ಕಾಲಿಗೆ ಮದ್ದು ಮಾಡುವುದನ್ನು ಬಿಡುವವಳಲ್ಲ. ಬಿಸಿನೀರಿಗೆ ಉಪ್ಪು, ಸೋಡಾ ಹಾಕಿ ಕೊಡು ಎಂದು ನನಗೆ ಹೇಳಿದಳು. ನಾನು ಹಿತ್ತಲ ಕಟ್ಟೆಯ ಮೇಲೆ ದೊಡ್ಡ ಜರ್ಮನ್ ಬೋಗುಣಿ ಇಟ್ಟೆ. ಅಲ್ಯುಮಿನಿಯಂ ಪಾತ್ರೆಗೆ ನಮ್ಮ ಕಡೆ ಜರ್ಮನ್ ಎಂದೇ ಹೆಸರು. ಚಿಗವ್ವ ಸುಡುಸುಡು ನೀರಿನಲ್ಲಿ ಕಾಲಿಟ್ಟು ಗೋಡೆಗೆ ಒರಗಿ ಕಣ್ಣು ಮುಚ್ಚಿದಳು. ನೀರು ಆರಿದಾಗಲೆಲ್ಲ ನಾನು ಬಿಸಿನೀರು ಸುರಿಯುತ್ತ ಕೂತೆ. ಕೊಳೆತ ಕೋಬಿಯಂಥ, ಎಂದರೆ ಎಲೆಕೋಸಿನಂಥ, ಸಣ್ಣ ವಾಸನೆ ಬಂತು. ಗಟಾರದ ವಾಸನೆ ಎಂದುಕೊಂಡೆ. ಅವಳು ಕಾಲೆತ್ತಿದಾಗ ನಾನು ಒರೆಸಲು ಬಗ್ಗಿದವಳು ಹಾಗೇ ನಿಂತೆ. ಮದುವೆಯಾದಾಗಿನಿಂದ ಕಂದಿ ಮಬ್ಬಾಗಿದ್ದ ಅವಳ ಕಾಲುಂಗುರಗಳು ಬೋಗುಣಿಯ ತಳಕ್ಕೆ ತಾಗಿಕೊಂಡಿದ್ದ ಕಡೆಯೆಲ್ಲ ಬೆಳ್ಳಗಾಗಿದ್ದವು.

ನಾನು ಅವಳನ್ನು ಹಾಗೆಯೇ, ಒದ್ದೆ ಕಾಲಿನಲ್ಲಿ, ಆಯಿಯ ಮುಂದೆ ನಿಲ್ಲಿಸಿದೆ.

“ಆಯಿ, ಆಕಿ ಕೈ ಹತ್ತಿದ್ರ ಬೆಳ್ಳಿ ಕರ್ರಗಾಗತೈತಿ ಅಂದಿ. ಕಾಲ ಹತ್ತಿದ್ದಕ್ಕ ಬೆಳ್ಳಗ್ಯಾಕ ಆತು? ದೋಷ ಮೊಣಕಾಲ ತನಕಾ ಬಂದು ನಿಂತೈತೇನು?”

ಆಯಿ ಬಗ್ಗಿ ನೋಡಿದಳು. ಕನ್ನಡಕ ತರಿಸಿ ಮತ್ತೆ ನೋಡಿದಳು.

“ತಿಕ್ಕಿರಬೇಕು.”

“ಬಗ್ಗಾಕ ಬರೂದಿಲ್ರೀ ಅತ್ತಿ ನನಗ,” ಎಂದಳು ಚಿಗವ್ವ ತನ್ನ ಹೊಟ್ಟೆಯನ್ನು ನೋಡಿಕೊಂಡು. “ಕಾಲುಂಗುರ ಎಲ್ಲೈತಿ ಅನ್ನೂದ ಕಂಡು ಭಾಳ ದಿನಾ ಆತು.”

ಪಂಚಮಿ ಮುಗಿದರೂ ಹಿಂಡಲಗಾಕ್ಕೆ ಹೊರಡದೆ ಕೂತಿದ್ದ ಸ್ವಾದರತ್ತೆ, ಕಾಲಿನದು ಬೇರೆ ಕರಡಿಗೆಯದು ಬೇರೆ ಎಂದು ಮಾತು ಮುಗಿಸಿದಳು. ನಾನು ಮುಗಿಸಲು ಬಿಡಲಿಲ್ಲ. ಹಿಂದೆ ಕರಡಿಗೆ ಎಂದೂ ಕಪ್ಪಾಗಿರಲಿಲ್ಲ. ಈ ಸಲ ಆಯಿತು. ಹಾಗಾದರೆ ಈ ಸಲ ಬದಲಾದದ್ದೇನು? ಸೊಸೆಯ ಕೈ, ಎಂದಳು ಅತ್ತೆ. ಸುತ್ತಿದ ಬಟ್ಟೆಯೂ ಬದಲಾಗಿದೆ, ಎಂದೆ ನಾನು. ಎರಡು ಬದಲಾದಾಗ ಒಂದರ ಮೇಲೆ ಮಾತ್ರ ಆರೋಪ ಹೊರಿಸುವುದು ಯಾವ ನ್ಯಾಯ? ನಾನು ಅಂದು ಇಷ್ಟು ಚೊಕ್ಕವಾಗಿ ಮಾತಾಡಿರಲಾರೆ. ಆದರೆ ಕೇಳಿದ್ದು ಇದನ್ನೇ. ಪೂಜೆಗೆ ಬಳಸುತ್ತಿದ್ದ ಎರಡು ಬೆಳ್ಳಿ ಬಟ್ಟಲುಗಳಿದ್ದವು, ಒಂದೇ ಬೆಳ್ಳಿಯ ಅವಳಿಜವಳಿ. ಎರಡನ್ನೂ ಆಯಿಯೇ ತನ್ನ ಕೈಯಾರೆ ಬೆಳಗಲಿ. ಒಂದನ್ನು ಧೋತರದಲ್ಲಿ, ಇನ್ನೊಂದನ್ನು ಕಂಬಳಿಯಲ್ಲಿ ಸುತ್ತಿ ಅದೇ ಟ್ರಂಕಿನ ಎರಡು ಮೂಲೆಗಳಲ್ಲಿಡಲಿ. ಕೀಲಿ ಆಯಿಯ ಸೊಂಟದಲ್ಲೇ ಇರಲಿ. ಕುಬಸದ ಮುಂಜಾನೆ ತೆರೆದು ನೋಡೋಣ. ಅಷ್ಟೇ ಆಗಿದ್ದರೆ ಆಯಿ ಸುಲಭವಾಗಿ ಒಪ್ಪುತ್ತಿದ್ದಳು. ನಾನು ಇನ್ನೂ ಒಂದು ಮಾತು ಸೇರಿಸಿದೆ: ಕಂಬಳಿ ಗುಂಜಿಯದು ಬೇಡ, ಅಜ್ಜನದು.

ತೀರಿಹೋದ ಅಜ್ಜ ದಿನವೂ ಪೂಜೆಗೆ ಕೂರುತ್ತಿದ್ದ ಕಂಬಳಿ ದೇವರ ಕೋಣೆಯಲ್ಲಿ ಮಡಚಿಟ್ಟ ಹಾಗೆಯೇ ಇತ್ತು. ಅದರ ಮೇಲೆ ಅವನ ನಂತರ ಯಾರೂ ಕೂತಿರಲಿಲ್ಲ. ಆಯಿ ನನ್ನನ್ನು ಹೊಡೆಯುತ್ತಾಳೆಂದೇ ನನ್ನ ತಾಯಿ ಮುಂದೆ ಬಂದು ನಿಂತಳು.

“ಅವ್ರು ಕುಂತ ಕಂಬಳಿಗೆ ಕತ್ತರಿ ಹಾಕಬೇಕಾ? ಅವ್ರ ಕಂಬಳ್ಯಾಗ ದೋಷ ಐತಿ ಅಂತೀ?”

“ನಾ ಎಲ್ಲಿ ಅಂದ್ನಿ, ಆಯಿ? ದೋಷ ಇರ್ಲಿಲ್ಲಂದ್ರ ಬಟ್ಟಲಾ ಬೆಳ್ಳಗ ಇರತೈತಿ. ನಿನ್ನ ಕೈ, ಅಜ್ಜನ ಕಂಬಳಿ. ಅಂಜಿಕಿ ಯಾಕ?”

ತನಗೆ ಅಂಜಿಕೆ ಎಂದು ಬೇರೆಯವರು ಅನ್ನುವುದನ್ನು ಆಯಿ ಸಹಿಸುತ್ತಿರಲಿಲ್ಲ. ಕತ್ತರಿಯನ್ನು ಅವಳೇ ತಂದಳು. ಕಂಬಳಿಯ ಅಂಚಿಗೆ ಹಚ್ಚುವ ಮೊದಲು ಹಣೆಗೆ ಮುಟ್ಟಿಸಿಕೊಂಡದ್ದು ನನಗೆ ನೆನಪಿದೆ. ಬಟ್ಟಲುಗಳನ್ನು ಅವಳು ತಿಕ್ಕಿದ ರೀತಿಯನ್ನು ಕಂಡರೆ, ಅವುಗಳಿಗೆ ಕಪ್ಪಾಗುವ ಧೈರ್ಯವೇ ಬರಬಾರದು.

ದಸರೆ ಮುಗಿದು ಕುಬಸದ ದಿನ ಬಂತು. ನಡುವಿನ ಮಳೆಗಾಲವೆಲ್ಲ ನನಗೆ ಒಂದೇ ಯೋಚನೆ: ಬಟ್ಟಲು ಬೆಳ್ಳಗೇ ಇದ್ದುಬಿಟ್ಟರೆ ಚಿಗವ್ವನ ಕೈಗೆ ನಾನೇ ಕೊನೆಯ ಮುದ್ರೆ ಒತ್ತಿದಂತೆ. ಮುಂಜಾನೆ ಹೂರಣದ ಬೇಳೆ ಕುದಿಯುತ್ತಿತ್ತು, ಪಡಸಾಲೆಯಲ್ಲಿ ಅಯ್ಯನವರು ಬಂದು ಕೂತಿದ್ದರು. ಹಿಂಡಲಗಾದ ಸ್ವಾದರತ್ತೆ ಎಲ್ಲರಿಗಿಂತ ಮುಂದೆ ನಿಂತಿದ್ದಳು. ಆಯಿ ಟ್ರಂಕು ತೆರೆದು ಮೊದಲು ಧೋತರದ ಗಂಟು ಬಿಚ್ಚಿದಳು. ಬಟ್ಟಲು ಬೆಳ್ಳಗಿತ್ತು. ಅಂಚಿನಲ್ಲಿ ಚೂರು ಹಳದಿ ತಿರುಗಿದ್ದನ್ನು ಸ್ವಾದರತ್ತೆ ಬೆರಳಿಟ್ಟು ತೋರಿಸಿದಳು; ಅದು ನಿಜವೇ, ನಾನೂ ಒಪ್ಪಿದೆ. ಆಮೇಲೆ ಅಜ್ಜನ ಕಂಬಳಿಯ ಗಂಟು. ಅದರೊಳಗಿನ ಬಟ್ಟಲು ಕರಡಿಗೆಯಷ್ಟೇ ಕಪ್ಪಾಗಿ ಕೂತಿತ್ತು.

ಆಯಿ ಬಟ್ಟಲನ್ನು ನೋಡಲಿಲ್ಲ. ತನ್ನ ಎರಡೂ ಅಂಗೈಗಳನ್ನು ತಿರುಗಿಸಿ ನೋಡಿಕೊಂಡಳು.

“ಹಂಗಾರ ನನ್ನ ಕೈಯಾಗೂ ದೋಷ ಐತೇನು?”

“ಕೈಯಾಗ ಇಲ್ರೀ ಅತ್ತಿ, ಉಣ್ಣ್ಯಾಗ ಐತಿ,” ಎಂದಳು, ಮಾತು ಕಡಿಮೆಯ ನನ್ನ ತಾಯಿ.

“ಕಂಬಳಿ ಆಕಿ ತವರಿಂದ ಬಂದದ್ದಲ್ಲೇನು?” ಎಂದಳು ಸ್ವಾದರತ್ತೆ. “ಅಂದ ಮ್ಯಾಲ ದೋಷ ಗುಂಜಿದ ಆತು.”

ಈ ಮಾತು ಬಂದೇ ಬರುತ್ತದೆಂದು ನಾನು ಶ್ರಾವಣದಿಂದ ಕಾಯುತ್ತಿದ್ದೆ. ಆದರೆ ಉತ್ತರ ಕೊಟ್ಟವಳು ನಾನಲ್ಲ.

“ಬಾಯಿ ಮುಚ್ಚ,” ಎಂದಳು ಆಯಿ ಮಗಳಿಗೆ. “ಇದು ನಿಮ್ಮಪ್ಪನ ಕಂಬಳಿ. ನಾನ ಕತ್ತರಿಸೇನಿ, ನಾನ ಸುತ್ತೇನಿ. ನಿಮ್ಮಪ್ಪಗ ದೋಷ ಇತ್ತಂತ ಪಡಸಾಲ್ಯಾಗ ಕುಂತ ಅಯ್ಯಾರ ಮುಂದ ಹೋಗಿ ಹೇಳ ನೋಡೂಣು.”

ಅತ್ತೆ ಹೂರಣದ ಬೇಳೆ ನೋಡಲು ಹೋದಳು.

ಉಳಿದದ್ದು ಗೂಡಿನಲ್ಲಿ ಕಪ್ಪಾಗಿದ್ದ ಕರಡಿಗೆ. ವಿಭೂತಿಯಿಂದ ತಿಕ್ಕಲು ಹೊತ್ತಿರಲಿಲ್ಲ. ಅದರ ಕೆತ್ತನೆಯ ಸಂದುಗಳಲ್ಲಿ ಬೆರಳು ಹೋಗುತ್ತಲೂ ಇರಲಿಲ್ಲ. ನಾನು ಜರ್ಮನ್ ಪಾತೇಲಿಯಲ್ಲಿ ನೀರು ಕುದಿಸಿ ಇಳಿಸಿದೆ. ನಾನು ಕೇಳದೆಯೇ ಆಯಿ ಮೇಲಿನ ಗೂಡಿನ ಡಬ್ಬಿಯನ್ನು ತೆಗೆದು ನನ್ನ ಕೈಗಿಟ್ಟಳು. ಅಂಥದ್ದು ಆ ಮನೆಯಲ್ಲಿ ಮೊದಲು ನಡೆದಿರಲಿಲ್ಲ. ಸೋಡಾ ಬಿದ್ದ ಕೂಡಲೇ ನೀರು ಭುಸ್ಸೆಂದು ನೊರೆಯೆದ್ದಿತು. ದೇವರ ಕೋಣೆಯ ಹೊಸ್ತಿಲಾಚೆ ನಿಂತಿದ್ದ ಚಿಗವ್ವನನ್ನು ನಾನು ಕರೆದೆ. ಅವಳು ಆಯಿಯ ಮುಖ ನೋಡಿದಳು. ಆಯಿ ದೇವರ ಗೂಡಿನತ್ತ ಗದ್ದ ಚಾಚಿದಳು.

“ತಗೋ. ನಿನ್ನ ಕೂಸಿಂದು. ನಾ ಯಾಕ ಮುಟ್ಟಲಿ?”

ಚಿಗವ್ವ ಹೊಸ್ತಿಲು ದಾಟಿ ಕರಡಿಗೆಯನ್ನು ತಂದು ಪಾತೇಲಿಯ ತಳಕ್ಕೆ ತಾಗುವಂತೆ ಇಳಿಬಿಟ್ಟಳು. ಮತ್ತೆ ಅದೇ ಕೊಳೆತ ಕೋಬಿಯ ವಾಸನೆ ಬಂತು. ಹೆಂಗಸರು ಸೆರಗು ಮೂಗಿಗೆ ಹಿಡಿದರೂ ಯಾರೂ ಹಿಂದೆ ಸರಿಯಲಿಲ್ಲ. ಕಪ್ಪು ಮೊದಲು ಕಂದಾಯಿತು, ಕಂದು ಹಳದಿಯಾಯಿತು, ಹಳದಿ ಎಲ್ಲಿ ಹೋಯಿತೆಂದು ತಿಳಿಯುವ ಮೊದಲೇ ಕೆತ್ತನೆಯ ಪ್ರತಿ ಎಸಳೂ ಬಿಡಿಬಿಡಿಯಾಗಿ ಬೆಳ್ಳಗೆ ಎದ್ದು ನಿಂತಿತು. ಕರಡಿಗೆ ಕೂತಿದ್ದ ಜಾಗದಲ್ಲಿ ಪಾತೇಲಿಯ ತಳ ಮಾತ್ರ ಮಸಿಯಾಗಿತ್ತು. “ದೋಷ ಪಾತೇಲಿಗೆ ಹತ್ತೇತಿ ನೋಡ್ರಿ,” ಎಂದಳು ಆಯಿ, ತಾನು ಮೊದಲಿನಿಂದಲೂ ಇದನ್ನೇ ಹೇಳುತ್ತಿದ್ದವಳಂತೆ. ಎಷ್ಟೋ ವರ್ಷಗಳ ನಂತರ ಬೆಳಗಾವಿಯ ಖಡೇಬಜಾರಿನಲ್ಲಿ ಹಳೆಯ ವಿಜ್ಞಾನದ ಪಠ್ಯವೊಂದನ್ನು ಕೊಂಡು ನಾನೇ ಓದಿಕೊಂಡಾಗ ಗೊತ್ತಾಯಿತು: ಉಣ್ಣೆಯಲ್ಲಿ ಗಂಧಕದ ಅಂಶವಿದೆ, ಬೆಳ್ಳಿಯನ್ನು ಕಪ್ಪಾಗಿಸುವುದು ಅದೇ, ಬಿಸಿ ಸೋಡಾ ನೀರಿನಲ್ಲಿ ಅಲ್ಯುಮಿನಿಯಂ ಆ ಗಂಧಕವನ್ನು ಬೆಳ್ಳಿಯಿಂದ ಬಿಡಿಸುತ್ತದೆ. ಪುಸ್ತಕವನ್ನೂ ನಾನು ಕೂಡಲೇ ನಂಬಲಿಲ್ಲ. ಕಪ್ಪಾದ ಒಂದು ಬೆಳ್ಳಿ ಚಮಚವನ್ನು ಜರ್ಮನ್ ಪಾತೇಲಿಯಲ್ಲೂ ಅದರ ಜೋಡಿಯನ್ನು ಸ್ಟೀಲಿನ ಪಾತೇಲಿಯಲ್ಲೂ ಹಾಕಿ ನೋಡಿದೆ. ಸ್ಟೀಲಿನದು ಕಪ್ಪಾಗಿಯೇ ಉಳಿಯಿತು; ಅದನ್ನೇ ಸೋಡಾ ಇಲ್ಲದೆ ಜರ್ಮನ್ ಪಾತೇಲಿಗೆ ಹಾಕಿದರೂ ಕಪ್ಪು ಹೋಗಲಿಲ್ಲ. ಬರೀ ಸೋಡಾದಿಂದಲೂ ಆಗಿರಲಿಲ್ಲ, ಬರೀ ಜರ್ಮನ್‌ನಿಂದಲೂ ಆಗಿರಲಿಲ್ಲ. ಆಯಿಯ ಮಾತು ಮಾತ್ರ, ದೋಷ ಎಂಬ ಪದವೊಂದನ್ನು ತೆಗೆದರೆ, ಪುಸ್ತಕದ ಮಾತಿಗೆ ತೀರ ದೂರವಿರಲಿಲ್ಲ.

ಅಂದು ಚಿಗವ್ವ ಒದ್ದೆ ಕರಡಿಗೆಯನ್ನು ಅಜ್ಜನ ಧೋತರದಿಂದ ಒರೆಸಿ, ತಟ್ಟೆಯಲ್ಲಿಟ್ಟು, ಪಡಸಾಲೆಗೆ ನಡೆದು, ಎರಡೂ ಕೈಯಿಂದ ಅಯ್ಯನವರಿಗೆ ಕೊಟ್ಟಳು. ಅವರು ಅದನ್ನು ಬೆಳಕಿಗೆ ಹಿಡಿದು, “ಹೊಸಾದು ಮಾಡಿಸೀರೇನ್ರಿ?” ಎಂದು ಕೇಳಿದರು. ಇಡೀ ಪಡಸಾಲೆಗೆ ಕೇಳುವಂತೆ ಆಯಿ ಹೇಳಿದಳು:

“ಹಳೇದ ಐತ್ರಿ. ನಮ್ಮ ಸಣ್ಣ ಸೊಸಿ ಕೈಗುಣಾರೀ ಅದು. ಕರ್ರಗಿದ್ದ ಬೆಳ್ಳಿ ಮುಟ್ಟಿದ್ರ ಬೆಳ್ಳಗಾಗತೈತಿ.”

ಕಥೆ ಹುಟ್ಟಿದ್ದು ಆ ಕ್ಷಣದಲ್ಲಿ. ನಾನು ಬಾಗಿಲಲ್ಲಿ ಮಸಿ ಹಿಡಿದ ಪಾತೇಲಿಯೊಂದಿಗೆ ನಿಂತಿದ್ದೆ. ಊಟ ಬಡಿಸುವ ಹೊತ್ತಿಗಾಗಲೇ ಬಾಜು ಮನೆಯವರು ತಮ್ಮ ಕಪ್ಪಾದ ಆರತಿ ತಟ್ಟೆ ಹಿಡಿದು ಬಂದಿದ್ದರು. ಗುಂಜಿಗೆ ಹೋಗುವ ರೈಲು ಹೊರಡುವ ಮೊದಲು ಆಯಿ ಮದುವೆಯ ಕಂಬಳಿಯನ್ನು ಮಡಚಿ ಸೊಸೆಯ ಗಂಟಿನ ಮೇಲಿಟ್ಟು, “ಬೆಳ್ಳಿಗೆ ಬ್ಯಾಡಾದ್ರೇನಾತು, ಕೂಸಿಗೆ ಬೆಚ್ಚಗಾಗತೈತಿ. ಬಾಣಂತನಾ ಮುಗಿದ ಮರದಿನಾನ ಕರಿಯಾಕ ಬರ್ತೀನಿ, ನಾನ,” ಎಂದಳು. ಬಂದೂ ಬಂದಳು. ‘ನೋಡೂಣು’ ಎಂಬ ಮಾತು ಆ ಬಾಯಿಯಿಂದ ಮತ್ತೆ ಹೊರಡಲಿಲ್ಲ.

ಆದರೆ ನನಗೆ ಸಮಾಧಾನವಾಗಿರಲಿಲ್ಲ. ಒಂದು ಸುಳ್ಳನ್ನು ಕೆಡವಲು ಇಷ್ಟು ಪಟ್ಟು ಹಿಡಿದವಳು, ಅದೇ ಜಾಗದಲ್ಲಿ ಇನ್ನೊಂದನ್ನು ಹೇಗೆ ನಿಲ್ಲಗೊಡಲಿ? ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಚಿಗವ್ವನ ಪಕ್ಕದಲ್ಲಿ ಕೂತು, ಇದು ಕೈಗುಣವಲ್ಲ, ಸೋಡಾ ಮತ್ತು ಜರ್ಮನ್ ಪಾತೇಲಿ ಎಂದು ಎಲ್ಲರಿಗೂ ಹೇಳಿಬಿಡುತ್ತೇನೆ ಎಂದೆ. ತೋಳಿನ ಮೇಲಿದ್ದ ಕರಡಿಗೆಯನ್ನು ಬೆರಳಿನಿಂದ ಸವರುತ್ತ ಸಣ್ಣಗೆ ಹಾಡಿಕೊಳ್ಳುತ್ತಿದ್ದವಳು ನಿಲ್ಲಿಸಿ ನನ್ನ ಕಡೆ ನೋಡಿದಳು.

“ಖರೇ ನನಗ ಗೊತ್ತೈತಿ, ನಿನಗ ಗೊತ್ತೈತಿ. ಸುಮ್ನಿರ ನೀಲವ್ವಾ,” ಎಂದಳು. “ಇಷ್ಟ ದಿನಾ ಸುಳ್ಳೆಲ್ಲಾ ಅವ್ರ ಕಡೀನ ಇತ್ತು. ಒಂದಾದ್ರೂ ನನ್ನ ಕಡೆ ಇರ್ಲಿ.”